ಸದ್ದು ಮಾಡದ ಎಂಜಿನ್ನನ್ನು ನಂಬಬೇಡಿ

ಐಟಿಐ ಮುಗಿಸಿ ಟ್ರ್ಯಾಕ್ಟರ್ ಶೋರೂಮುಗಳಿಗೆ ಸೇರುವ ಹುಡುಗರು ಆಗಾಗ ಅರಕಲಗೂಡಿನ ನನ್ನ ಮನೆಗೆ ಬರುತ್ತಾರೆ. "ನಿಮ್ಮ ಅನುಭವ ಹೇಳಿ ಸಾ" ಅನ್ನುತ್ತಾರೆ. ಹೇಳೋಣ ಎಂದು ಕೂರುತ್ತೇನೆ. ಅಷ್ಟರಲ್ಲಿ ರಸ್ತೆಯಲ್ಲಿ ಯಾವುದೋ ಟಿಲ್ಲರ್ ಹೋಗುತ್ತದೆ. ಮಾತು ಅರ್ಧಕ್ಕೆ ಬಿಟ್ಟು ಗೇಟಿನವರೆಗೆ ಹೋಗಿ ಕಿವಿಗೊಟ್ಟು ನಿಲ್ಲುತ್ತೇನೆ. ವಾಪಸು ಬರುವಷ್ಟರಲ್ಲಿ ಹುಡುಗರು ಕಾಫಿ ಕುಡಿದು ಮೊಬೈಲ್ ನೋಡುತ್ತಿರುತ್ತಾರೆ. "ಇವರ ಸಂಬಳ ನಿವೃತ್ತಿ ಆಯ್ತು, ಕಾಲು ಇನ್ನೂ ಆಗಿಲ್ಲ" ಎಂದು ನನ್ನ ಹೆಂಡತಿ ಶಾರದೆ ಅವರಿಗೆ ಹೇಳುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬರೆಯುವಾಗಲೂ ಎದ್ದು ಓಡಾಡುತ್ತೇನೆ, ಆದರೆ ಕಾಗದ ಕಾಯುತ್ತದೆ.

ಬಡ್ತಿಯ ಕಥೆ ಹೇಳುವುದಿಲ್ಲ. ಬಡ್ತಿ ಸಿಕ್ಕಾಗ ಅಂಗಿಯ ಬಣ್ಣ ಬದಲಾಯಿತು, ಉಗುರಿನ ಸಂದಿಯ ಗ್ರೀಸು ಹಾಗೇ ಇತ್ತು. ಹಾಸನದ ಒಂದು ಶೋರೂಮಿಗೆ ಮೆಕ್ಯಾನಿಕ್ ಆಗಿ ಸೇರಿ ಅಲ್ಲೇ ನಿವೃತ್ತನಾದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನನ್ನ ಪಾಲಿನ ತಾಲ್ಲೂಕುಗಳು. ದೊಡ್ಡ ಟ್ರ್ಯಾಕ್ಟರ್ ತಿರುಗಲಾರದ ತೋಟ, ತುಂಡು ಹೊಲಗಳಲ್ಲಿ ಓಡುವ ಸಣ್ಣ ಟ್ರ್ಯಾಕ್ಟರುಗಳು ನನ್ನ ಕೆಲಸ. ಒಂದೇ ಸಿಲಿಂಡರು, ಮುಂದೆ ಹ್ಯಾಂಡಲ್ ತಿರುವಿ ಎಬ್ಬಿಸುವ ಡೀಸೆಲ್ ಎಂಜಿನ್ನು. ಮೆಕ್ಯಾನಿಕ್ ಅಂದರೆ ಎಂಜಿನ್ ಪೂರ್ತಿ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂರುವವನು ಎಂದು ಜನ ತಿಳಿದಿದ್ದಾರೆ. ನನ್ನ ಆಯುಸ್ಸಿನ ಮುಕ್ಕಾಲು ಪಾಲು ಹೋಗಿದ್ದು ವಾಲ್ವಿನ ಸಂದು ನೋಡುವುದರಲ್ಲಿ.

ಅದೇನೆಂದು ಹೊಸಬರಿಗೆ ಹೇಳಿಬಿಡುತ್ತೇನೆ. ಎಂಜಿನ್ನಿನ ತಲೆಯಲ್ಲಿ ಎರಡು ವಾಲ್ವುಗಳು. ಒಂದು ಗಾಳಿ ಒಳಗೆ ಬಿಡುತ್ತದೆ, ಇನ್ನೊಂದು ಹೊಗೆ ಹೊರಗೆ ಬಿಡುತ್ತದೆ. ಪ್ರತಿ ವಾಲ್ವಿನ ತುದಿಗೂ ಅದನ್ನು ಒತ್ತುವ ಕಬ್ಬಿಣದ ತೋಳಿಗೂ ನಡುವೆ ಒಂದು ಪೋಸ್ಟ್ ಕಾರ್ಡು ತೂರುವಷ್ಟು ಸಂದು ಇರಬೇಕು. ಯಾಕೆಂದರೆ ಕಾದ ಕಬ್ಬಿಣ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಉದ್ದವಾದ ವಾಲ್ವಿಗೆ ಪೂರ್ತಿ ಮುಚ್ಚಿಕೊಳ್ಳಲು ಆಗುವುದಿಲ್ಲ. ಆ ಬಿರುಕಿನಲ್ಲಿ ಬೆಂಕಿ ನುಗ್ಗಿ ವಾಲ್ವಿನ ಅಂಚನ್ನು ತಿಂದುಹಾಕುತ್ತದೆ. ಆಮೇಲೆ ಎಂಜಿನ್ನಿನಲ್ಲಿ ದಮ್ಮು ನಿಲ್ಲುವುದಿಲ್ಲ, ಎಷ್ಟು ಹ್ಯಾಂಡಲ್ ಹೊಡೆದರೂ ಏಳುವುದಿಲ್ಲ. ಸಂದು ಇದ್ದರೆ ತೋಳು ವಾಲ್ವನ್ನು ತಟ್ಟುವಾಗ ಟಕಟಕ ಸದ್ದು ಬರುತ್ತದೆ. ಅತಿಯಾದರೆ ಅದೂ ಕೆಟ್ಟದ್ದೇ. ಆದರೆ ಹದವಾದ ಟಕಟಕ ಎಂಜಿನ್ನಿನ ಆರೋಗ್ಯ. ಇಷ್ಟನ್ನು ಮೂರು ತಾಲ್ಲೂಕಿಗೆ ಒಪ್ಪಿಸಲು ನನ್ನ ಸರ್ವೀಸೆಲ್ಲ ಸಾಲಲಿಲ್ಲ.

ಗೇಜು ಎಂಬ ತೆಳ್ಳನೆಯ ತಗಡು ತೂರಿಸಿ ಸಂದು ಅಳೆಯುತ್ತೇವೆ, ಆಗ ಎಂಜಿನ್ ತಣ್ಣಗಿರಬೇಕು. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ರೈತ ಹೊಲದಿಂದ ನೇರ ಗಾಡಿ ತಂದು ನಿಲ್ಲಿಸುತ್ತಾನೆ, ಅದು ಕೆಂಡದ ಹಾಗೆ ಕಾದಿರುತ್ತದೆ. ಆರುವವರೆಗೆ ಕೂರಬೇಕು. ನಾನು ಕೂರಲಾರೆ. ನಟ್ಟು ಎಣಿಸುತ್ತೇನೆ, ಟೈರು ಒತ್ತುತ್ತೇನೆ, ಅವರ ಮನೆಯ ಪಂಪು ಬಿಚ್ಚುತ್ತೇನೆ. ರಾಮನಾಥಪುರದಲ್ಲಿ ಒಬ್ಬ ಹೊಗೆಸೊಪ್ಪಿನ ರೈತ ನನ್ನ ಒದ್ದಾಟ ನೋಡಿ ಮರುಗಿದ. ನಾನು ಆ ಕಡೆ ತಿರುಗಿದಾಗ ಒಂದು ಬಿಂದಿಗೆ ಕಾವೇರಿ ನೀರು ತಂದು ಕಾದ ಎಂಜಿನ್ನಿನ ತಲೆಯ ಮೇಲೆ ಸುರಿದೇಬಿಟ್ಟ. ಟಣ್ ಎಂದಿತು. ತಿರುಗಿ ನೋಡಿದರೆ ಸಿಲಿಂಡರ್ ಹೆಡ್ಡಿನಲ್ಲಿ ಉದ್ದಕ್ಕೂ ಸೀಳು.

"ನೀವ್ ಪರದಾಡ್ತಿದ್ರಲ್ಲ ಸಾ, ಬ್ಯಾಗ ಆರ್ಲಿ ಅಂತ ಉಯ್ದೆ" ಅಂದ. ಅವನು ಒಳ್ಳೆಯದಕ್ಕೇ ಮಾಡಿದ್ದ. ಅಂದಿನಿಂದ ಗಾಡಿ ಆರುವವರೆಗೆ ಗ್ರಾಹಕರ ಕಣ್ಣಿಗೆ ಬೀಳದೆ ಊರು ಸುತ್ತಿ ಬರುವುದನ್ನು ಕಲಿತೆ. ಆ ಲೆಕ್ಕದಲ್ಲಿ ರಾಮನಾಥಪುರದ ಗುಡಿಯನ್ನು ನನ್ನಷ್ಟು ಸಲ ಸುತ್ತಿದ ಭಕ್ತ ಇರಲಾರ.

ಇನ್ನು ನಮ್ಮ ಮ್ಯಾನೇಜರು. ಬಿಳಿ ಅಂಗಿ, ಎಣ್ಣೆ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವ ಮನುಷ್ಯ. ಮಾತು ಬೆಣ್ಣೆ. ಹಳ್ಳಿಗೆ ಹೊಸ ಗಾಡಿ ತೋರಿಸಲು ಹೊರಟ ದಿನ ನನ್ನನ್ನು ಪಕ್ಕಕ್ಕೆ ಕರೆಯುತ್ತಿದ್ದರು. "ಡೆಮೋ ದಿವಸ ಟಕಟಕ ಬರಬಾರದು ಕಣ್ರೀ. ಸಂದು ಸ್ವಲ್ಪ ಕಡಿಮೆ ಮಾಡಿ. ಮಾರಾಟ ಆದ ಮೇಲೆ ಫಸ್ಟ್ ಸರ್ವೀಸಿನಲ್ಲಿ ಸರಿ ಮಾಡಿದರಾಯಿತು." ನಾನು ಆಗುವುದಿಲ್ಲ ಎಂದೆ. ಅವರು ಜಗಳಾಡಲಿಲ್ಲ. ಡೆಮೋ ಕೆಲಸ ಬೇರೆಯವರಿಗೆ ಕೊಟ್ಟರು, ನನ್ನನ್ನು ಮಳೆಗಾಲದಲ್ಲಿ ಕೆಸರಿನ ಹಳ್ಳಿಗಳಿಗೆ ಅಟ್ಟಿದರು. ಸದ್ದಿಲ್ಲದ ಗಾಡಿಗಳು ಸಾಲುಸಾಲಾಗಿ ಮಾರಾಟವಾದವು. ಜನ ತಲೆದೂಗಿದರು. ಹೊಸ ಗಾಡಿ ಅಂದರೆ ಸದ್ದಿಲ್ಲದ್ದು, ಸದ್ದು ಮಾಡಿದರೆ ಅದಕ್ಕೆ ವಯಸ್ಸಾಯಿತು ಎಂಬುದು ಊರೂರಿನ ಕಿವಿಯಲ್ಲಿ ಕೂತುಬಿಟ್ಟಿತು.

ಆ ಕಿವಿಯ ಮೇಲೆ ದಲ್ಲಾಳಿಗಳು ಬದುಕಿದರು. ಚನ್ನರಾಯಪಟ್ಟಣದಲ್ಲಿ ಹಳೇ ಗಾಡಿ ಮಾರಿಸುವವನೊಬ್ಬನಿದ್ದ. ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಸವರಿ ಸಂತೆಗೆ ಹೊಡೆಯುತ್ತಿದ್ದವರ ಮನೆತನ, ಈಗ ಅದೇ ವಿದ್ಯೆ ಎಂಜಿನ್ನಿಗೆ. ಸವೆದು ಹೋದ ಗಾಡಿಯ ಸಂದು ಪೂರ್ತಿ ಬಿಗಿದು ಮಾರಿಬಿಡುತ್ತಿದ್ದ. ಕೊಂಡವನು ಒಂದು ಮೂಟೆ ಬಿತ್ತುವುದರೊಳಗೆ ವಾಲ್ವು ಸುಟ್ಟು ನನ್ನ ಹತ್ತಿರ ಅಳುತ್ತಾ ಬರುತ್ತಿದ್ದ. ದಲ್ಲಾಳಿಯನ್ನು ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ. "ನಾನೇನ್ ಮಾಡ್ಲಿ ಅಣ್ಣ, ಜನ ಕಿವೀಲಿ ಯಾಪಾರ ಮಾಡ್ತಾರೆ, ನಾನು ಕಿವಿಗೆ ಮಾರ್ತೀನಿ" ಎಂದು ನಕ್ಕ. ನನಗೆ ಮೈ ಉರಿದುಹೋಯಿತು.

ಕೆಲಸದ ರೀತಿಯೂ ಬದಲಾಯಿತು. ನಾನು ಸೇರಿದಾಗ ಸುಟ್ಟ ವಾಲ್ವನ್ನು ಕಡ್ಡಿಗೆ ಅಂಟಿಸಿ, ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ಉಜ್ಜಿ ಕೂರಿಸುತ್ತಿದ್ದೆವು. ಈಗ ಬಹುಪಾಲು ಎಸೆದು ಹೊಸದು ಹಾಕುತ್ತಾರೆ. ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಸಂದು ಹಿಡಿಯುತ್ತಾರೆ. ತಪ್ಪೇನಿಲ್ಲ, ವಿಡಿಯೋದವನು ನಮ್ಮ ಮೇಷ್ಟ್ರುಗಳಿಗಿಂತ ಚೆನ್ನಾಗಿ ಹೇಳಿಕೊಡುತ್ತಾನೆ. ಆದರೆ ಅದರಲ್ಲಿ ರೈತರ ಮನೆಯವರ ಮಾತು ಬರುವುದಿಲ್ಲ. ನಾನು ನಿಜವಾಗಿ ಹೇಳಬೇಕೆಂದಿರುವುದು ಆ ಮಾತಿನ ಕಥೆ.

ನಿವೃತ್ತಿಯ ಹಿಂದಿನ ವರ್ಷ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಿಂದ ಜಯಮ್ಮ ಎಂಬಾಕೆ ಫೋನು ಮಾಡಿದರು. ಗಾಡಿ ಏಳುತ್ತಿಲ್ಲ. ಹೋದೆ. ನಲವತ್ತು ದಾಟಿದ, ಸೀರೆ ಎತ್ತಿ ಕಟ್ಟಿ ಮೇಲೊಂದು ಗಂಡಸರ ಅಂಗಿ ತೊಟ್ಟ ಗಟ್ಟಿ ಹೆಂಗಸು. ಆಕೆಯ ಗಂಡ ನಂಜಪ್ಪ ಮತ್ತು ಮೈದುನ ಪುಟ್ಟರಾಜು ಸೇರಿ ಸಣ್ಣ ಟ್ರ್ಯಾಕ್ಟರ್ ಕೊಂಡಿದ್ದರು. ನಂಜಪ್ಪ ಅಟ್ಟದಿಂದ ಬಿದ್ದು ಸೊಂಟ ಹಿಡಿದುಕೊಂಡ ಮೇಲೆ ಗಾಡಿಯ ಮೇಲೆ ಜಯಮ್ಮ ಕೂತರು. ತಮ್ಮ ಹೊಲ ಮುಗಿಸಿ ಊರವರ ಹೊಲಗಳಿಗೆ ಬಾಡಿಗೆಗೆ ಹೋಗಲು ಶುರು ಮಾಡಿದರು. ಪುಟ್ಟರಾಜುವಿಗೆ ಅದನ್ನು ಸಹಿಸಲಾಗಲಿಲ್ಲ. ಹೆಂಗಸಿನ ಕೈಯಲ್ಲಿ ಗಾಡಿ ಹಾಳಾಗುತ್ತದೆ, ನನಗೆ ಕೊಡಿ ಎಂದು ಪಟ್ಟು ಹಿಡಿದ. ಕೊನೆಗೆ ಮಾವನವರು ಜಗುಲಿಯ ಮೇಲೆ ಕೂತು ತೀರ್ಮಾನ ಹೇಳಿದ್ದರು. ಈ ಸಲದ ಆಲೂಗಡ್ಡೆ ಬಿತ್ತನೆಯಿಂದ ಅಗೆಯುವವರೆಗೆ ಗಾಡಿ ಕೆಟ್ಟು ನಿಲ್ಲದೆ ನಡೆದರೆ ಜಯಮ್ಮನ ಹಟ್ಟಿಯಲ್ಲೇ ಇರಲಿ, ನಿಂತರೆ ಪುಟ್ಟರಾಜುವಿನ ಹಟ್ಟಿಗೆ ಹೋಗಲಿ. ಬಿತ್ತನೆಗೆ ಇನ್ನೂ ಸ್ವಲ್ಪ ದಿನವಿತ್ತು.

ಇದನ್ನೆಲ್ಲ ನಾನು ಎಂಜಿನ್ನಿನ ತಲೆ ಬಿಚ್ಚುತ್ತಿರುವಾಗ ಜಯಮ್ಮ ಹೇಳಿದರು. ಹೊಗೆ ವಾಲ್ವು ಸುಟ್ಟಿತ್ತು. ಹೊಸದು ಹಾಕಿ, ಗಾಡಿ ತಣ್ಣಗಿದ್ದಾಗ ಸಂದು ಹಿಡಿದು, ಟಕಟಕ ಎನ್ನಿಸಿ ಕೊಟ್ಟು ಬಂದೆ. ಕೆಲವೇ ದಿನಕ್ಕೆ ಮತ್ತೆ ಫೋನು. ಮತ್ತೆ ಅದೇ ವಾಲ್ವು, ಮತ್ತೆ ಅಂಚು ಸುಟ್ಟಿದೆ. ತೋಳಿನ ನಟ್ಟಿನ ಮೇಲೆ ಬೇರೆಯವರ ಸ್ಪ್ಯಾನರಿನ ಹೊಸ ಗಾಯ. ಯಾರೋ ಸಂದು ಬಿಗಿದಿದ್ದಾರೆ! ನನಗೆ ಪುಟ್ಟರಾಜುವಿನ ಮೇಲೆಯೇ ಅನುಮಾನ ಬಂತು. ಅವನು ಅಲ್ಲೇ ಬೇಲಿಗೆ ಒರಗಿ ಬೀಡಿ ಸೇದುತ್ತಾ ನೋಡುತ್ತಿದ್ದ. ನಾನು ಸ್ಪ್ಯಾನರ್ ಹಿಡಿದೇ ಅವನ ಕಡೆ ನಡೆದೆ.

"ಅವ್ರಲ್ಲ ಸಾ" ಅಂದರು ಜಯಮ್ಮ. "ನಾನೇ ಬಸ್ ಸ್ಟ್ಯಾಂಡ್ ತಾವ ಮೆಕ್ಯಾನಿಕ್ ಅಂಗ್ಡೀಗ್ ಓಗಿ ಟೈಟ್ ಮಾಡುಸ್ಕಬಂದೆ."

ನನಗೆ ತಲೆ ಕೆಟ್ಟಿತು. ಅಷ್ಟು ಹೇಳಿಕೊಟ್ಟಿದ್ದೆ, ಸಂದು ಯಾಕೆ ಬೇಕು ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸಿದ್ದೆ. ಕೂಗಾಡಿದೆ. ಕಣ್ಣು ಕಾಣುವುದಿಲ್ಲವೇ, ಬುದ್ಧಿ ಇಲ್ಲವೇ ಎಂದೆಲ್ಲ ಅಂದೆ. ಆಕೆ ತಲೆ ತಗ್ಗಿಸಲಿಲ್ಲ.

"ನೀವು ಸದ್ದು ಮಾಡ್ಕೊಟ್ಟು ಓಯ್ತೀರಾ. ಗಾಡಿ ತಗಂಡ್ ಹೊಲಕ್ ಓದ್ರೆ ಏನಂತಾರೆ ಗೊತ್ತಾ? ಜಯಮ್ಮನ ಗಾಡಿ ಸಾಯ್ತಾ ಐತೆ, ಅರ್ಧ ಸಾಲ್ಗೇ ನಿಂತ್ಕತದೆ, ಬ್ಯಾಡ ಅಂತಾರೆ. ಗಂಡಸ್ರು ಗಾಡಿ ಸದ್ದು ಮಾಡಿದ್ರೆ ಅದು ಗಾಡಿ ಸದ್ದು. ನಂದು ಸದ್ದು ಮಾಡಿದ್ರೆ ನಂಗೆ ಓಡ್ಸಕ್ ಬರಕಿಲ್ಲ ಅಂತ. ನಿಮ್ ಗೇಜು ವಾಲ್ವಿನೊಳಕ್ ಓಯ್ತದೆ ಸಾ, ಊರೋರ್ ಬಾಯೊಳಕ್ ಓಯ್ತದಾ?"

ಸದ್ದು ಬಿಟ್ಟರೆ ಬಾಡಿಗೆ ಇಲ್ಲ, ಬಿಗಿದರೆ ವಾಲ್ವು ಸುಟ್ಟು ಗಾಡಿ ನಿಲ್ಲುತ್ತದೆ, ನಿಂತರೆ ಪುಟ್ಟರಾಜುವಿನ ಪಾಲು. ಆಕೆ ಬಿದ್ದಿದ್ದ ಸಂದಿಗೆ ನನ್ನ ಪೆಟ್ಟಿಗೆಯಲ್ಲಿ ಯಾವ ಅಳತೆಯ ತಗಡೂ ಇರಲಿಲ್ಲ. ಮತ್ತೆ ವಾಲ್ವು ಹಾಕಿದೆ. ಈ ಸಲ ಸಂದನ್ನು ಆಕೆಯ ಕೈಯಲ್ಲೇ ಹಿಡಿಸಿದೆ. ತಗಡು ಎಳೆದಾಗ ಬೆರಳಿಗೆ ಸಿಗುವ ಸಣ್ಣ ತಡೆಯನ್ನು ಆಕೆ ಬೇಗ ಗುರುತಿಸಿದರು. ಸ್ಪ್ಯಾನರನ್ನೂ ತಗಡನ್ನೂ ಅಲ್ಲೇ ಬಿಟ್ಟು ಬಂದೆ. ಬಿಗಿಯಬೇಡಿ ಎಂದು ಆಣೆ ಹಾಕಿಸಬೇಕೆಂದುಕೊಂಡೆ, ಹಾಕಿಸಲಿಲ್ಲ.

ಅದಾದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅರಕಲಗೂಡಿನಲ್ಲಿ ಇನ್ಯಾರದೋ ಗಾಡಿ ಬಿಚ್ಚಿದಾಗ ಹಳೇಕೋಟೆ ನೆನಪಾಗುವುದು. ಆಕೆ ಬಿಗಿದಿರುತ್ತಾರೋ, ಬಿಟ್ಟಿರುತ್ತಾರೋ? ಊಟಕ್ಕೆ ಕೂತು ಅರ್ಧಕ್ಕೆ ಏಳುವುದು, ಫೋನು ಕೈಗೆತ್ತಿಕೊಂಡು ಇಟ್ಟುಬಿಡುವುದು. "ನಿಮ್ಮ ಸ್ವಂತ ಗಾಡಿ ಆಗಿದ್ರೂ ಇಷ್ಟು ಒದ್ದಾಡ್ತಿರ್ಲಿಲ್ಲ, ಹೋಗಿ ನೋಡ್ಕೊಂಡಾದ್ರೂ ಬನ್ನಿ" ಎಂದು ಶಾರದೆ ರೇಗಿದಳು. ಮಳೆ ಬಿದ್ದು ಆಲೂಗಡ್ಡೆ ಬಿತ್ತನೆ ಶುರುವಾಗಿತ್ತು. ರಜೆ ಹಾಕಿ ಬಸ್ಸು ಹತ್ತಿದೆ.

ಹಳೇಕೋಟೆಯಲ್ಲಿ ಇಳಿದು ಕೇಳಿದರೆ, ಜಯಮ್ಮ ತಿಮ್ಮೇಗೌಡರ ಹೊಲದಲ್ಲಿದ್ದಾರೆ ಎಂದರು. ಊರಿಗೆ ದೊಡ್ಡ ಹೊಲ ಅವರದು. ಅದನ್ನು ಹಿಡಿದರೆ ಉಳಿದವರೂ ಕರೆಯುತ್ತಾರೆ. ಹೋಗಿ ನೋಡಿದರೆ ಗಾಡಿ ಬದುವಿನ ಮೇಲೆ ನಿಂತಿದೆ, ಎಂಜಿನ್ ಆರಿಸಿದೆ. ಬಿತ್ತನೆ ಗಡ್ಡೆ ಹೋಳು ಮಾಡಿ ಗೋಣಿ ಮುಚ್ಚಿಟ್ಟಿದ್ದಾರೆ. ಹೋಳು ಮಾಡಿದ ಗಡ್ಡೆ ಬಹಳ ಹೊತ್ತು ಇಡುವ ಹಾಗಿಲ್ಲ, ಕೊಳೆಯುತ್ತದೆ. ಕೂಲಿ ಹೆಂಗಸರು ಕಾಯುತ್ತಾ ಕೂತಿದ್ದಾರೆ. ಗೌಡರು ಹೆಗಲ ಟವೆಲ್ಲು ಎಳೆದಾಡುತ್ತಾ ಕೂಗುತ್ತಿದ್ದರು. ಪಕ್ಕದಲ್ಲಿ ಪುಟ್ಟರಾಜು.

"ಏನವ್ವಾ ಇದು, ಟಕ ಟಕ ಅಂತದೆ? ನಡುವೆ ನಿಂತ್ಕಂಡ್ರೆ ನನ್ ಗಡ್ಡೆ ಗತಿ ಏನು? ಸದ್ದು ನಿಲ್ಸು, ಇಲ್ಲಾ ಪುಟ್ಟರಾಜನ್ ಕೈಗ್ ಕೊಡು, ಅವ್ನ್ ಓಡುಸ್ತಾನೆ."

"ಅತ್ತಿಗೆಗೆ ಏಳುದ್ರೆ ಕೇಳಾಕಿಲ್ಲ ಕಣಣ್ಣ" ಎಂದ ಪುಟ್ಟರಾಜು.

ನಾನು ಓಡಿಹೋಗಿ ನಡುವೆ ಬಾಯಿ ಹಾಕಿದೆ. ಅದು ಇರಬೇಕಾದ ಸದ್ದು, ಸದ್ದಿದ್ದರೇ ಗಾಡಿ ಬಾಳುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ. ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಶೋರೂಮ್ನೋರು ಅಲ್ವಾ? ನಿಮ್ ಡೆಮೋ ಗಾಡಿ ಬಂದಿತ್ತಲ್ಲ ನಮ್ಮೂರ್ಗೆ, ಬೆಕ್ಕಿನಂಗೆ ಓಡ್ತಿತ್ತು. ಆವತ್ ಯಾಕ್ ಬರ್ನಿಲ್ಲ ಈ ಸದ್ದು?" ಅಂದರು.

ಬಿಳಿ ಅಂಗಿಯ ಮ್ಯಾನೇಜರು ಅಲ್ಲಿದ್ದಿದ್ದರೆ ಹೊಸದಾಗಿ ಎಳೆದ ಸಾಲಿನಲ್ಲಿ ಉರುಳಾಡಿಸುತ್ತಿದ್ದೆ. ಸಿಟ್ಟು ನೆತ್ತಿಗೇರಿತ್ತು. ನಾಲ್ಕು ಹೆಜ್ಜೆ ಆ ಕಡೆ ಹೋದೆ, ನಾಲ್ಕು ಹೆಜ್ಜೆ ಈ ಕಡೆ ಬಂದೆ.

ಅಷ್ಟರಲ್ಲಿ ಜಯಮ್ಮ ಸೀಟಿನ ಕೆಳಗಿಂದ ಸ್ಪ್ಯಾನರ್ ತೆಗೆದರು. ವಾಲ್ವಿನ ಮುಚ್ಚಳ ಬಿಚ್ಚಿದರು. ಬಿಗಿದುಬಿಡುತ್ತಾರೆ ಅಂದುಕೊಂಡೆ. ನಾನು ಆಕೆಯ ಜಾಗದಲ್ಲಿದ್ದರೂ ಬಿಗಿಯುತ್ತಿದ್ದೆನೇನೋ. ದೊಡ್ಡ ಹೊಲ, ಇಡೀ ಊರಿನ ಕಣ್ಣು, ಪಕ್ಕದಲ್ಲಿ ಕಾಯುತ್ತಿರುವ ಮೈದುನ. ಅರ್ಧ ಸುತ್ತು ತಿರುಗಿಸಿದರೆ ಸಾಕು, ಸದ್ದು ಮಾಯವಾಗುತ್ತಿತ್ತು. ಪುಟ್ಟರಾಜು ಬೀಡಿ ಬಾಯಿಂದ ತೆಗೆದು ಮುಂದಕ್ಕೆ ಬಾಗಿದ.

ಜಯಮ್ಮ ಒಳಗೆ ನೋಡಿದರು. ಸ್ಪ್ಯಾನರ್ ನಟ್ಟಿನ ಹತ್ತಿರ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮುಚ್ಚಳ ಮತ್ತೆ ಇಟ್ಟು ಬಿಗಿದರು. ಸ್ಪ್ಯಾನರನ್ನು ಸೀಟಿನ ಕೆಳಗೆ ಎಸೆದು ಹ್ಯಾಂಡಲ್ ಹಾಕಿ ತಿರುವಿದರು. ಎಂಜಿನ್ ಒಂದೇ ಏಟಿಗೆ ಎದ್ದಿತು, ಟಕಟಕ ಎಂದು.

"ಸದ್ದು ಬ್ಯಾಡ ಅಂದ್ರೆ ಎತ್ತು ಕಟ್ಕಳಿ ಗೌಡ್ರೇ" ಎಂದು ಎಂಜಿನ್ನಿಗಿಂತ ಜೋರಾಗಿ ಕೂಗಿ, ಗಾಡಿ ಹತ್ತಿ, ಹೊಲ ಬಿಟ್ಟು ಹೊರಟೇಬಿಟ್ಟರು.

ಕೂಲಿ ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಗೌಡರು ಗಾಡಿ ಹೋದ ದಾರಿ ನೋಡಿದರು, ಗೋಣಿಯ ಕೆಳಗಿನ ಗಡ್ಡೆ ನೋಡಿದರು, ಮೇಲೆ ಕಟ್ಟುತ್ತಿದ್ದ ಮೋಡ ನೋಡಿದರು. ಪುಟ್ಟರಾಜುವಿನ ಕಡೆ ತಿರುಗಿ "ನೀನ್ ಯಾವ್ ಗಾಡೀಲಿ ಓಡುಸ್ತೀಯಲಾ ಈಗ?" ಅಂದರು. ಅವನು ಬೀಡಿ ನೆಲಕ್ಕೆ ಹಾಕಿ ತುಳಿದ. ಗೌಡರು ಕೂಗಿದರು, "ಏಯ್ ಜಯಮ್ಮಾ, ನಿಂತ್ಕಳವ್ವ!" ಆ ಟಕಟಕದಲ್ಲಿ ಆಕೆಗೆ ಎಲ್ಲಿ ಕೇಳಬೇಕು? ಊರಿಗೆ ದೊಡ್ಡವರು ಪಂಚೆ ಎತ್ತಿ ಕಟ್ಟಿಕೊಂಡು, ಟವೆಲ್ಲು ಬೀಸುತ್ತಾ, ಓಣಿಯ ಕೆಂಪು ಕೆಸರಿನಲ್ಲಿ ಸಣ್ಣ ಟ್ರ್ಯಾಕ್ಟರಿನ ಹಿಂದೆ ಓಡಿದರು. ನಾನೂ ಹಿಂದೆಯೇ ಓಡಿದೆ. ಯಾಕೆ ಓಡಿದೆ ಎಂದು ಈಗಲೂ ಗೊತ್ತಿಲ್ಲ, ನನಗೆ ನಿಲ್ಲಲಾಗಲಿಲ್ಲ ಅಷ್ಟೆ.

ಓಣಿಯ ತಿರುವಿನಲ್ಲಿ ಗಾಡಿ ನಿಂತಿತು. ಗೌಡರು ಮಡ್ಗಾರ್ಡಿಗೆ ಕೈ ಕೊಟ್ಟು ಏದುಸಿರು ಬಿಟ್ಟರು. "ಬಾರವ್ವಾ, ಗಡ್ಡೆ ಕೊಳ್ತೋಯ್ತದೆ" ಅಂದರು.

ಜಯಮ್ಮ ಎಂಜಿನ್ ಆರಿಸಲಿಲ್ಲ. "ಈಗ ಪುಟ್ಟಮ್ಮನ ತುಂಡು ಹೊಲ ಮುಗುಸ್ಬುಟ್ಟು ಮಧ್ಯಾನ್ನುಕ್ ಬತ್ತೀನಿ" ಅಂದರು. ಕ್ಲಚ್ ಬಿಡುವ ಮುಂಚೆ ಸ್ವಲ್ಪ ಬಾಗಿ ಹೇಳಿದರು, "ಸದ್ದು ಇಂಗೇ ಇರ್ತದೆ."

"ಇರ್ಲಿ ಬಾ" ಅಂದರು ಗೌಡರು.

ಆಲೂಗಡ್ಡೆ ಅಗೆಯುವವರೆಗೂ ಗಾಡಿ ಕೆಟ್ಟು ನಿಲ್ಲಲಿಲ್ಲ. ಮಾವನವರು ಮತ್ತೆ ಜಗುಲಿಯ ಮೇಲೆ ಕೂರಲೂ ಇಲ್ಲ, ಕೂರಿಸಲು ಪುಟ್ಟರಾಜು ಹೋಗಲಿಲ್ಲ. ಈಗ ಹಳೇಕೋಟೆಯಲ್ಲಿ ಗಾಡಿ ಕೊಳ್ಳುವವರು ಜಯಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರಂತೆ. ಆಕೆ ಸುಮ್ಮನೆ ಕೇಳಿಸಿಕೊಂಡು, ಸದ್ದು ಬರದಿದ್ದರೆ "ಇದು ಬ್ಯಾಡ" ಎಂದು ಎದ್ದುಬಿಡುತ್ತಾರಂತೆ.